ನೀರಡಿಕೆ ಮತ್ತು ಅರಿವು: ಮಲಪ್ರಭಾ ಸೀಮೆ, ಧಾರವಾಡದ ಮನೋರೋಗ ಆಸ್ಪತ್ರೆ ಹಾಗೂ ಒಂದು ರೋಗಲಕ್ಷಣದ ಚರಿತ್ರೆ

ಪೀಠಿಕೆ

ಮನೋರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗಳ ಸ್ಥಾಪನೆ, ಕಾನೂನುಗಳ ಬದಲಾವಣೆ ಮತ್ತು ಔಷಧಗಳ ಶೋಧ ಎಂಬ ಮೂರು ಜಾಡುಗಳನ್ನು ಹಿಡಿದು ಸಾಗುತ್ತಾರೆ. ರೋಗಿಯು ದಿನಕ್ಕೆ ಎಷ್ಟು ನೀರು ಕುಡಿದನು, ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋದನು, ಬೆಳಿಗ್ಗೆ ನೆಟ್ಟಗೆ ಮಾತನಾಡಿದವನು ಸಂಜೆಯ ವೇಳೆಗೆ ಏಕೆ ಮಂಕಾದನು ಎಂಬಂತಹ ದಿನನಿತ್ಯದ ಸಂಗತಿಗಳು ಈ ಚರಿತ್ರೆಯಲ್ಲಿ ಸ್ಥಾನ ಪಡೆಯುವುದು ಅಪರೂಪ. ಆದರೆ ಸ್ಕಿಜೋಫ್ರೀನಿಯಾ ಅಥವಾ ಛಿದ್ರಮನಸ್ಕತೆ ಎಂದು ಕರೆಯಲಾಗುವ ಕಾಯಿಲೆಯಲ್ಲಿ ಇಂತಹ ಒಂದು ಸಂಗತಿಯೇ ಪ್ರಾಣಕ್ಕೆ ಸಂಚಕಾರ ತರುವಷ್ಟು ಮಹತ್ವದ್ದಾಗಿದೆ. ಅದು ಅತಿಜಲಪಾನ, ಅಂದರೆ ದೇಹದ ಅಗತ್ಯವನ್ನು ಮೀರಿ ನೀರು ಕುಡಿಯುತ್ತಲೇ ಇರುವುದು. ದೀರ್ಘಕಾಲ ಆಸ್ಪತ್ರೆಯಲ್ಲಿರುವ ಮನೋರೋಗಿಗಳಲ್ಲಿ ಶೇಕಡಾ ೬ರಿಂದ ೨೦ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ ಎಂದು ವಿವಿಧ ದೇಶಗಳ ಅಧ್ಯಯನಗಳು ತಿಳಿಸಿವೆ. ಅವರಲ್ಲಿ ಬಹುಪಾಲು ಜನರಿಗೆ ಸ್ಕಿಜೋಫ್ರೀನಿಯಾ ಇರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯ ಜನರಿಗೆ ಮನೋರೋಗ ಚಿಕಿತ್ಸೆಯೆಂದರೆ ಬಹುಕಾಲದಿಂದ ಧಾರವಾಡವೇ. ಈ ಸೀಮೆಯನ್ನೂ ಧಾರವಾಡದ ಆಸ್ಪತ್ರೆಯನ್ನೂ ಹಿನ್ನೆಲೆಯಾಗಿಟ್ಟುಕೊಂಡು, ಅತಿಜಲಪಾನವೆಂಬ ಲಕ್ಷಣವು ವೈದ್ಯಕೀಯ ತಿಳಿವಳಿಕೆಯೊಳಗೆ ಹೇಗೆ ಬಂದಿತು, ಅಷ್ಟು ತಡವಾಗಿ ಏಕೆ ಬಂದಿತು, ರೋಗಿಯ ಅರಿವಿನ ಶಕ್ತಿಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಯಿಲೆಗೆ ಕೊಟ್ಟ ಹೆಸರೇ ಬಹುಕಾಲ ಈ ಲಕ್ಷಣವನ್ನು ಮರೆಮಾಡಿತ್ತು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

ಸೀಮೆ ಮತ್ತು ನೀರಿನ ಸಂಸ್ಕಾರ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಯು ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನು ಹಾಯ್ದು, ಬಾದಾಮಿ ಸೀಮೆಯ ಮೂಲಕ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದ ಕಿತ್ತೂರಿನ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ರಾಮದುರ್ಗದತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಎರೆಭೂಮಿಯ ಈ ಬಯಲುಸೀಮೆಗೆ ಬರ ಹೊಸದಲ್ಲ. ೧೮೭೬-೭೮ರ ಮಹಾಕ್ಷಾಮವು ಬೆಳಗಾವಿ, ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳನ್ನು ತೀವ್ರವಾಗಿ ಬಾಧಿಸಿತ್ತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೦ರ ದಶಕದಲ್ಲಿ ಬಳಕೆಗೆ ಬಂದಮೇಲೆ ಇಲ್ಲಿಯ ನೀರಿನ ಸ್ಥಿತಿ ಬಹಳಷ್ಟು ಬದಲಾಯಿತು. ಧಾರವಾಡ ನಗರಕ್ಕೂ ಇಂದು ಕುಡಿಯುವ ನೀರು ಬರುವುದು ಮುಖ್ಯವಾಗಿ ಅದರ ರೇಣುಕಾಸಾಗರದಿಂದಲೇ.

ಇಂತಹ ಸೀಮೆಯಲ್ಲಿ ನೀರು ಕೇವಲ ಪಾನೀಯವಲ್ಲ, ಪುಣ್ಯದ ವಸ್ತು. ದಾರಿಹೋಕರಿಗೆ ಅರವಟ್ಟಿಗೆ ಇಡುವುದು, ಕೆರೆ ಬಾವಿ ಕಟ್ಟಿಸುವುದು ಧರ್ಮಕಾರ್ಯಗಳೆಂದು ಕನ್ನಡ ಶಾಸನಗಳು ಮತ್ತೆ ಮತ್ತೆ ಸಾರುತ್ತವೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು, ಎಣ್ಣೆಹೊಂಡದ ನೀರನ್ನು ತಲೆಗೆ ಹಾಕಿಕೊಂಡು ದರ್ಶನಕ್ಕೆ ಹೋಗುತ್ತಾರೆ. ಬೈಲಹೊಂಗಲ ಸೀಮೆಯ ಸೊಗಲದಲ್ಲಿ ಸೋಮೇಶ್ವರನ ಸನ್ನಿಧಿಯ ಜಲಪಾತ, ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ ಇವೆಲ್ಲವೂ ನೀರಿನೊಂದಿಗೆ ಬೆಸೆದ ಕ್ಷೇತ್ರಗಳು. ತೀರ್ಥವು ದೋಷವನ್ನು ಕಳೆಯುತ್ತದೆ ಎಂಬ ನಂಬಿಕೆ ಇಲ್ಲಿ ಆಳವಾದುದು. ನೀರಡಿಸಿ ಬಂದವನಿಗೆ ಇಲ್ಲವೆನ್ನಬಾರದು ಎಂಬುದು ಮನೆಮನೆಯ ನಡಾವಳಿ.

ಈ ಸಂಸ್ಕಾರದ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರಸ್ತುತ ವಿಷಯಕ್ಕೆ ಅದರಿಂದ ಒದಗುವ ಒಂದು ತೊಡಕನ್ನು ಗಮನಿಸಬೇಕು. ಅನ್ನ ಬಿಟ್ಟವನನ್ನು ಕಂಡು ಮನೆಯವರು ಹೆದರುತ್ತಾರೆ. ನಿದ್ದೆ ಬಿಟ್ಟವನನ್ನು ಕಂಡು ಹೆದರುತ್ತಾರೆ. ತಂಬಿಗೆಯ ಮೇಲೆ ತಂಬಿಗೆ ನೀರು ಕುಡಿಯುವವನನ್ನು ಕಂಡು ಹೆದರುವುದಿಲ್ಲ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಬಂದವರು ಹೆಚ್ಚು ನೀರು ಕುಡಿಯುವುದು ಸಹಜವಾದ ನಾಡಿನಲ್ಲಿ ನೀರಡಿಕೆಯನ್ನು ರೋಗವೆಂದು ಶಂಕಿಸಲು ಕಾರಣಗಳೇ ಇರಲಿಲ್ಲ.

ಪ್ರಾಚೀನ ವೈದ್ಯದಲ್ಲಿ ಉನ್ಮಾದ ಮತ್ತು ತೃಷ್ಣೆ

ಭಾರತೀಯ ವೈದ್ಯ ಪರಂಪರೆಯು ಮಿತಿಮೀರಿದ ನೀರಡಿಕೆಯನ್ನು ರೋಗವೆಂದು ಗುರುತಿಸದೆ ಇರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ೨೨ನೆಯ ಅಧ್ಯಾಯವು ತೃಷ್ಣೆಗೇ ಮೀಸಲಾಗಿದ್ದು, ಅದರಲ್ಲಿ ಐದು ಬಗೆಯ ತೃಷ್ಣೆಗಳ ವಿವರಣೆಯಿದೆ. ಅದೇ ಸ್ಥಾನದ ೯ನೆಯ ಅಧ್ಯಾಯವು ಉನ್ಮಾದದ ಚಿಕಿತ್ಸೆಯನ್ನು ಹೇಳುತ್ತದೆ. ನಿದಾನಸ್ಥಾನದಲ್ಲಿ ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ ಮತ್ತು ಆಚಾರಗಳ ವಿಭ್ರಮವೆಂದು ನಿರೂಪಿಸಲಾಗಿದೆ. ಬುದ್ಧಿ ಮತ್ತು ನೆನಪು ಕೆಡುವುದನ್ನು ಉನ್ಮಾದದ ಅಂಗವಾಗಿಯೇ ಪರಿಗಣಿಸಿದ ಈ ನಿರೂಪಣೆಯು ಅರಿವಿನ ಕೊರತೆಯನ್ನು ಸ್ಕಿಜೋಫ್ರೀನಿಯಾದ ಕೇಂದ್ರ ಲಕ್ಷಣಗಳಲ್ಲಿ ಒಂದೆಂದು ಎಣಿಸುವ ಇಂದಿನ ಮನೋವೈದ್ಯಕ್ಕೆ ಸಮೀಪವಾಗಿದೆ ಎಂಬುದು ಗಮನಾರ್ಹ.

ಹೀಗೆ ತೃಷ್ಣೆಗೂ ಉನ್ಮಾದಕ್ಕೂ ಶಾಸ್ತ್ರದಲ್ಲಿ ಬೇರೆಬೇರೆ ಅಧ್ಯಾಯಗಳು ದೊರೆತಿದ್ದವು. ಎರಡೂ ಒಬ್ಬನೇ ರೋಗಿಯಲ್ಲಿ ಕೂಡಿ ನಿಂತಾಗ ಒಂದು ಮತ್ತೊಂದನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ರಕ್ತದಲ್ಲಿಯ ಲವಣಾಂಶವನ್ನು ಅಳೆಯುವ ಕಾಲ ಬರಬೇಕಾಯಿತು.

ಧಾರವಾಡದ ಆಸ್ಪತ್ರೆ ಮತ್ತು ಕಾನೂನಿನ ಕಣ್ಣು

೧೮೨೪ರ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಬ್ರಿಟಿಷರ ವಶವಾಯಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ ೧೮೨೯ರ ಫೆಬ್ರವರಿಯಲ್ಲಿ ತೀರಿಕೊಂಡಳು. ಧಾರವಾಡದ ಆಡಳಿತಕ್ಕೆ ಸೇರಿದ್ದ ಉತ್ತರದ ಭಾಗಗಳನ್ನು ೧೮೩೬ರಲ್ಲಿ ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ರಚಿಸಲಾಯಿತು. ಬೈಲಹೊಂಗಲವು ಸಂಪಗಾವಿ ತಾಲೂಕಿಗೂ ಸವದತ್ತಿಯು ಪರಸಗಡ ತಾಲೂಕಿಗೂ ಸೇರಿದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿ ಉಳಿದು, ೧೯೪೮ರ ಮಾರ್ಚ್ ೮ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಧಾರವಾಡದಲ್ಲಿ ೧೮೪೫ರಲ್ಲಿ ಮನೋರೋಗಿಗಳ ಆಶ್ರಯಧಾಮವು ಆರಂಭವಾಯಿತು. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಎಂದು ಪ್ರಸಿದ್ಧವಾಗಿದೆ. ಕಿತ್ತೂರು, ಸವದತ್ತಿಗಳಿಂದ ಧಾರವಾಡಕ್ಕೆ ಸುಮಾರು ೩೦ರಿಂದ ೪೦ ಕಿಲೋಮೀಟರ್ ಅಂತರ. ಬೈಲಹೊಂಗಲವೂ ಹೆಚ್ಚು ದೂರವಲ್ಲ. ರಾಮದುರ್ಗ ಇನ್ನಷ್ಟು ಪೂರ್ವಕ್ಕಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಧಾರವಾಡಕ್ಕೆ ಕಳಿಸುವುದು ಎಂಬ ಮಾತಿಗೆ ಒಂದು ವಿಶೇಷಾರ್ಥವೇ ಅಂಟಿಕೊಂಡಿತು. ನಗೆಯಾಡಲು ಬಳಕೆಯಾಗುವ ಈ ಮಾತಿನ ಹಿಂದೆ ರೋಗಿಗಳೂ ಅವರ ಮನೆಯವರೂ ಅನುಭವಿಸಿದ ಅವಮಾನವೂ ಅಡಗಿದೆ.

ಆಸ್ಪತ್ರೆಗೆ ರೋಗಿಯನ್ನು ಸೇರಿಸುವ ಕ್ರಮವನ್ನು ೧೮೫೮ರ ೩೬ನೆಯ ಕಾಯ್ದೆಯೂ ಅನಂತರ ೧೯೧೨ರ ಭಾರತೀಯ ಲೂನಸಿ ಕಾಯ್ದೆಯೂ ನಿಗದಿಪಡಿಸಿದವು. ಈ ಕಾಯ್ದೆಗಳು ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾಗುತ್ತಿದ್ದವು. ಆದ್ದರಿಂದ ಸಂಪಗಾವಿ, ಪರಸಗಡಗಳ ನಿವಾಸಿಯು ಒಂದು ಕಾನೂನಿನ ಕೆಳಗೂ ನೆರೆಯ ರಾಮದುರ್ಗ ಸಂಸ್ಥಾನದ ಪ್ರಜೆಯು ಬೇರೊಂದು ಆಳ್ವಿಕೆಯ ಕೆಳಗೂ ಇದ್ದರು. ಅಲೆದಾಡುವ ಅಥವಾ ಅಪಾಯಕಾರಿಯೆನಿಸಿದ ಮನೋರೋಗಿಗಳನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ತರಬಹುದಾಗಿತ್ತು. ವೈದ್ಯಾಧಿಕಾರಿಯು ಬರೆಯಬೇಕಾಗಿದ್ದ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿದ್ದವು. ಹುಚ್ಚನ್ನು ಸೂಚಿಸುವಂತೆ ವೈದ್ಯನೇ ಕಣ್ಣಾರೆ ಕಂಡ ಸಂಗತಿಗಳು ಮೊದಲನೆಯ ಭಾಗ; ಇತರರು ಅವನಿಗೆ ತಿಳಿಸಿದ ಸಂಗತಿಗಳು ಎರಡನೆಯ ಭಾಗ.

ಈ ಎರಡನೆಯ ಭಾಗವು ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು. ಅವ್ವ, ಅಪ್ಪ, ಹೆಂಡತಿ, ಅಣ್ಣತಮ್ಮಂದಿರು ಹೇಳಿದ್ದು ಕಾಗದಕ್ಕೆ ಇಳಿಯುವ ಸ್ಥಳವೆಂದರೆ ಅದೊಂದೇ. ಆದರೆ ಕಾನೂನು ಕೇಳುತ್ತಿದ್ದುದು ಹುಚ್ಚನ್ನು ಸೂಚಿಸುವ ಸಂಗತಿಗಳನ್ನು. ಹೊಡೆದಾಟ, ಅಲೆದಾಟ, ಅಸಂಬದ್ಧ ಮಾತು, ಬಟ್ಟೆ ಕಿತ್ತೊಗೆಯುವುದು ಇಂತಹವು ಆ ಪ್ರಶ್ನೆಗೆ ಉತ್ತರಗಳಾಗಬಲ್ಲವು. ಬಾವಿಯ ಕಡೆಗೆ ಮತ್ತೆ ಮತ್ತೆ ಹೋಗಿ ನೀರು ಕುಡಿಯುವುದು ಆ ಪ್ರಶ್ನೆಗೆ ಉತ್ತರವಾಗಲಾರದು. ಕೇಳಿದ ಪ್ರಶ್ನೆಗೆ ಹೊಂದುವ ಉತ್ತರ ಮಾತ್ರ ದಾಖಲೆಯಾಗುತ್ತದೆ ಎಂಬುದಕ್ಕೆ ಇದು ಒಂದು ನಿದರ್ಶನ.

ಅಂದಿನ ಆಸ್ಪತ್ರೆಗಳ ಅಂಕಿಅಂಶಗಳಿಗೆ ಎಷ್ಟು ಬೆಲೆ ಕೊಡಬೇಕೆಂಬ ಪ್ರಶ್ನೆ ಆ ಕಾಲದಲ್ಲಿಯೇ ಎದ್ದಿತ್ತು. ವಾರ್ಷಿಕ ಕೋಷ್ಟಕಗಳಲ್ಲಿ ಹುಚ್ಚಿಗೆ ಕಾರಣಗಳೆಂದು ನಮೂದಾಗುತ್ತಿದ್ದವುಗಳಲ್ಲಿ ಗಾಂಜಾ ಪ್ರಮುಖವಾಗಿತ್ತು. ೧೮೯೩-೯೪ರ ಭಾರತೀಯ ಗಾಂಜಾ ಆಯೋಗವು ಆ ನಮೂದುಗಳನ್ನು ಮರುಪರೀಕ್ಷಿಸಿದಾಗ ಅವು ಬಹುಮಟ್ಟಿಗೆ ವೈದ್ಯಕೀಯ ಪರೀಕ್ಷೆಯಿಂದಲ್ಲ, ರೋಗಿಯೊಂದಿಗೆ ಬಂದ ಪೊಲೀಸು ವಿವರಪತ್ರಗಳಿಂದ ಎತ್ತಿಕೊಂಡವೆಂದು ತಿಳಿದುಬಂದು, ಅಂಕಿಗಳು ವಿಶ್ವಾಸಾರ್ಹವಲ್ಲವೆಂದು ತೀರ್ಮಾನಿಸಿತು. ಗಾಂಜಾ ಸರ್ಕಾರಕ್ಕೆ ತೆರಿಗೆ ತರುವ ವಸ್ತು, ಆಡಳಿತಕ್ಕೆ ಆಸಕ್ತಿಯ ವಿಷಯ. ಹಾಗಾಗಿ ಅದು ಎಣಿಕೆಗೆ ಸಿಕ್ಕಿತು. ನೀರು ಕುಡಿದು ಬುದ್ಧಿ ಕೆಡಬಹುದೆಂಬ ಪ್ರಶ್ನೆಯಾದರೋ ಆ ಕಾಲದ ವೈದ್ಯಕ್ಕೆ ಇನ್ನೂ ಹುಟ್ಟಿರಲಿಲ್ಲ.

ಹೆಸರಿನ ಮರೆಯಲ್ಲಿ ಲಕ್ಷಣ

ಜರ್ಮನಿಯ ಎಮಿಲ್ ಕ್ರೇಪೆಲಿನ್ ೧೮೯೦ರ ದಶಕದಲ್ಲಿ ತಾರುಣ್ಯದಲ್ಲಿ ಆರಂಭವಾಗಿ ಬುದ್ಧಿಶಕ್ತಿಯನ್ನು ಕ್ರಮೇಣ ಕುಂದಿಸುವ ಕಾಯಿಲೆಯೊಂದನ್ನು ವಿವರಿಸಿ, ಅದಕ್ಕೆ ಡಿಮೆನ್ಶಿಯ ಪ್ರೀಕಾಕ್ಸ್, ಅಂದರೆ ಅಕಾಲದ ಬುದ್ಧಿಮಾಂದ್ಯ ಎಂಬ ಹೆಸರನ್ನು ಬಳಕೆಗೆ ತಂದನು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ೧೯೦೮ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನು ಸೂಚಿಸಿ, ೧೯೧೧ರ ತನ್ನ ಗ್ರಂಥದಲ್ಲಿ ಎಲ್ಲ ರೋಗಿಗಳಲ್ಲಿಯೂ ಬುದ್ಧಿ ಕೆಟ್ಟೇ ತೀರುತ್ತದೆ ಎಂಬ ಅಭಿಪ್ರಾಯವನ್ನು ಒಪ್ಪಲಿಲ್ಲ. ಹೆಸರು ಬದಲಾದರೂ ಹಳೆಯ ಹೆಸರು ಮೂಡಿಸಿದ ನಿರೀಕ್ಷೆ ಆಸ್ಪತ್ರೆಗಳಲ್ಲಿ ಬಹುಕಾಲ ಉಳಿಯಿತು.

ಈ ನಿರೀಕ್ಷೆಯ ಪರಿಣಾಮವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ರೋಗಿಯೊಬ್ಬನು ಮಧ್ಯಾಹ್ನದ ಹೊತ್ತಿಗೆ ಮಂಕಾಗುತ್ತಾನೆ; ಕರೆದರೆ ತಡವಾಗಿ ಓಗೊಡುತ್ತಾನೆ; ನಡಿಗೆ ತಪ್ಪುತ್ತದೆ; ವಾಂತಿಯಾಗುತ್ತದೆ; ಕೆಲವೊಮ್ಮೆ ಫಿಟ್ಸ್ ಬಂದು ಬೀಳುತ್ತಾನೆ. ಬುದ್ಧಿ ಕ್ಷೀಣಿಸುವುದೇ ಕಾಯಿಲೆಯ ಸ್ವಭಾವವೆಂದು ಮೊದಲೇ ನಂಬಿದವರಿಗೆ ಇದು ಆ ಕಾಯಿಲೆಯ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ. ಫಿಟ್ಸ್ ಬಂದರೆ ಜೊತೆಗೆ ಅಪಸ್ಮಾರವೂ ಇದೆ ಎನ್ನಲಾಗುತ್ತದೆ. ಅದಕ್ಕೆ ಮುಂಚಿನ ಮೂರು ನಾಲ್ಕು ತಾಸುಗಳಲ್ಲಿ ಅವನು ನಳದ ಬಳಿ ಎಷ್ಟು ಹೊತ್ತು ಕಳೆದನೆಂದು ಯಾರೂ ವಿಚಾರಿಸುವುದಿಲ್ಲ. ಗುಣಪಡಿಸಬಹುದಾದ ಒಂದು ಸ್ಥಿತಿಯು ಗುಣವಾಗದ ಕಾಯಿಲೆಯ ಹೆಸರಿನೊಳಗೆ ಹೀಗೆ ಮುಚ್ಚಿಹೋಗುತ್ತದೆ.

ನೀರಿನ ನಂಜು: ತಿಳಿವಳಿಕೆ ಬೆಳೆದ ಬಗೆ

ನೀರೂ ನಂಜಾಗಬಲ್ಲದು ಎಂಬುದನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವನು ಅಮೆರಿಕದ ಲೆನರ್ಡ್ ರೌನ್‌ಟ್ರೀ. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಸೇರಿದಂತೆ ಅವನು ೧೯೨೩ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಸ್ಥಿತಿಯ ಮೇಲಿನ ಆರಂಭದ ಮಹತ್ವದ ಬರಹ. ಹತ್ತು ವರ್ಷಗಳ ನಂತರ, ೧೯೩೩ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಆಸ್ಪತ್ರೆಯ ಹಾಸ್ಕಿನ್ಸ್ ಮತ್ತು ಸ್ಲೀಪರ್ ಎಂಬ ಸಂಶೋಧಕರು ಸ್ಕಿಜೋಫ್ರೀನಿಯಾ ರೋಗಿಗಳು ವಿಸರ್ಜಿಸುವ ಮೂತ್ರದ ಪ್ರಮಾಣವು ಸಾಮಾನ್ಯರದಕ್ಕಿಂತ ಸುಮಾರು ಎರಡು ಪಟ್ಟು ಇರುವುದನ್ನು ವರದಿಮಾಡಿದರು. ೧೯೩೬ರಲ್ಲಿ ಸ್ಲೀಪರ್ ಮತ್ತು ಜೆಲಿನೆಕ್ ಹೆಚ್ಚು ಮೂತ್ರ ವಿಸರ್ಜಿಸುವ ರೋಗಿಗಳನ್ನೂ ಹಾಗಲ್ಲದವರನ್ನೂ ದೈಹಿಕವಾಗಿ, ಮಾನಸಿಕವಾಗಿ ಹೋಲಿಸಿ ನೋಡಿದರು. ೧೯೩೮ರಲ್ಲಿ ಬಾರಾಹಾಲ್ ಎಂಬ ವೈದ್ಯನು ಮನೋರೋಗಿಯೊಬ್ಬರಲ್ಲಿ ನೀರಿನ ನಂಜು ಕಾಣಿಸಿಕೊಂಡ ಪ್ರಸಂಗವನ್ನು ಪ್ರಕಟಿಸಿದನು.

ಈ ಶೋಧಗಳು ಕೂಡಲೇ ಚಿಕಿತ್ಸೆಯ ರೂಪ ತಾಳಲಿಲ್ಲ. ರಕ್ತದಲ್ಲಿಯ ಸೋಡಿಯಂ ಪ್ರಮಾಣವನ್ನು ಅಳೆಯುವುದು ಆಗ ಬಹಳ ಶ್ರಮದ ಕೆಲಸವಾಗಿತ್ತು. ಜ್ವಾಲೆಯ ಬಣ್ಣದ ತೀವ್ರತೆಯಿಂದ ಸೋಡಿಯಂ ಅಳೆಯುವ ಫ್ಲೇಮ್ ಫೋಟೋಮೀಟರ್ ಉಪಕರಣವು ೧೯೪೦ರ ದಶಕದ ಕೊನೆಯಿಂದೀಚೆಗೆ ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ಬಂದ ಮೇಲೆ ಈ ಪರೀಕ್ಷೆ ಸುಲಭವಾಯಿತು. ಆ ಕಾಲದ ಭಾರತದ ಸ್ಥಿತಿಯನ್ನು ನೆನೆದರೆ ಅಂತರ ತಿಳಿಯುತ್ತದೆ: ೧೯೪೬ರ ಭೋರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ ಸುಮಾರು ೪೦,೦೦೦ ಜನರಿಗೆ ಮನೋರೋಗ ಆಸ್ಪತ್ರೆಯ ಒಂದು ಹಾಸಿಗೆಯಿತ್ತು, ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನರಿಗೆ ಒಂದಿತ್ತು. ಹಾಸಿಗೆಗೇ ಕೊರತೆಯಿದ್ದಲ್ಲಿ ಪ್ರತಿ ರೋಗಿಯ ನೀರಿನ ಲೆಕ್ಕವನ್ನು ಇಡುವುದು ದೂರದ ಮಾತಾಗಿತ್ತು.

ದೇಹದಲ್ಲಿ ನೀರಿನ ಸಮತೋಲವನ್ನು ಕಾಯುವುದು ಮಿದುಳಿನ ಬುಡದಲ್ಲಿ ಉತ್ಪತ್ತಿಯಾಗುವ ವಾಸೋಪ್ರೆಸಿನ್ ಎಂಬ ಹಾರ್ಮೋನು. ರಕ್ತ ತುಸು ಗಟ್ಟಿಯಾದರೆ ಅದು ಸ್ರವಿಸಿ ಮೂತ್ರಪಿಂಡಗಳು ನೀರನ್ನು ಹಿಡಿದಿಡುವಂತೆ ಮಾಡುತ್ತದೆ. ರಕ್ತ ತೆಳುವಾದರೆ ಅದರ ಸ್ರಾವ ನಿಂತು ನೀರು ಮೂತ್ರವಾಗಿ ಹೊರಬೀಳುತ್ತದೆ. ಆರೋಗ್ಯವಂತರ ಮೂತ್ರಪಿಂಡಗಳು ತಾಸಿಗೆ ಸುಮಾರು ೮೦೦ರಿಂದ ೧,೦೦೦ ಮಿಲಿಲೀಟರ್ ನೀರನ್ನು ಹೊರಹಾಕಬಲ್ಲವು. ಆದುದರಿಂದ ಹೆಚ್ಚು ನೀರು ಕುಡಿಯುವ ಎಲ್ಲರಿಗೂ ನಂಜೇರುವುದಿಲ್ಲ. ಮಾರಿಸ್ ಗೋಲ್ಡ್‌ಮನ್ ಮತ್ತು ಸಂಗಡಿಗರು ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಒಗಟನ್ನು ಬಹುಮಟ್ಟಿಗೆ ಬಿಡಿಸಿತು. ನಂಜೇರುವ ರೋಗಿಗಳಲ್ಲಿ ನೀರಡಿಕೆ ಹೆಚ್ಚಾಗಿರುವುದಷ್ಟೇ ಅಲ್ಲದೆ, ರಕ್ತ ತೆಳುವಾದಾಗಲೂ ವಾಸೋಪ್ರೆಸಿನ್ ಸ್ರಾವ ಪೂರ್ತಿಯಾಗಿ ನಿಲ್ಲುವುದಿಲ್ಲ; ಮೂತ್ರಪಿಂಡಗಳೂ ಆ ಹಾರ್ಮೋನಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಕುಡಿಯುವ ಬಾಗಿಲು ತೆರೆದಿದ್ದು ಹೊರಹಾಕುವ ಬಾಗಿಲು ಅರ್ಧ ಮುಚ್ಚಿದಂತಹ ಸ್ಥಿತಿ ಇದು. ರೋಗಿಯ ಹಟ ಅಥವಾ ಕೆಟ್ಟ ಚಾಳಿ ಎಂದು ಬಗೆದಿದ್ದುದರ ಹಿಂದೆ ದೇಹದ ನಿಯಂತ್ರಣವೇ ಸಡಿಲಗೊಂಡಿದೆಯೆಂದು ಇದರಿಂದ ಸ್ಪಷ್ಟವಾಯಿತು.

ಅರಿವಿನ ಮೇಲೆ ಪರಿಣಾಮ

ರಕ್ತದಲ್ಲಿ ಸೋಡಿಯಂ ಲೀಟರಿಗೆ ೧೩೫ರಿಂದ ೧೪೫ ಮಿಲಿಮೋಲ್ ಇರುವುದು ಸಹಜ. ಸುಮಾರು ೬೦ ಕಿಲೋ ತೂಕದ ಪುರುಷನ ದೇಹದಲ್ಲಿ ೩೬ ಲೀಟರಿನಷ್ಟು ನೀರಿರುತ್ತದೆ ಎಂದಿಟ್ಟುಕೊಂಡರೆ, ಕುಡಿದ ನೀರಿನಲ್ಲಿ ೩ ಲೀಟರ್ ಒಳಗೇ ಉಳಿದಾಗ ೧೪೦ರಷ್ಟಿದ್ದ ಸೋಡಿಯಂ ೧೨೯ರ ಆಸುಪಾಸಿಗೆ ಇಳಿಯುತ್ತದೆ. ರಕ್ತ ತೆಳುವಾದಂತೆ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ. ಬೇರೆ ಅಂಗಗಳು ಉಬ್ಬಲು ಎಡೆಯಿದೆ. ತಲೆಬುರುಡೆಯೊಳಗಿನ ಮಿದುಳಿಗೆ ಅಂತಹ ಎಡೆಯಿಲ್ಲ. ತಲೆನೋವು, ವಾಂತಿ, ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು, ಕೊನೆಗೆ ಮರಣ ಇವು ಒಂದರ ಹಿಂದೊಂದು ಬರಬಹುದು. ಸೋಡಿಯಂ ೧೨೦ಕ್ಕಿಂತ ಕೆಳಗೆ ವೇಗವಾಗಿ ಇಳಿದಾಗ ಈ ಅಪಾಯ ತೀವ್ರವಾಗಿರುತ್ತದೆ.

ತೀವ್ರ ಸ್ಥಿತಿಯ ಮಾತು ಹೀಗಾದರೆ, ನಿಧಾನವಾಗಿ ಇಳಿದು ತುಸು ಕಡಿಮೆಯಾಗಿಯೇ ಉಳಿಯುವ ಸೋಡಿಯಂ ಕೂಡ ನಿರುಪದ್ರವಿಯಲ್ಲ. ಬೆಲ್ಜಿಯಂನ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊರನೋಟಕ್ಕೆ ಯಾವ ಲಕ್ಷಣವೂ ಇಲ್ಲದ ಇಂತಹ ರೋಗಿಗಳಲ್ಲಿಯೂ ಗಮನಶಕ್ತಿ ಕುಂದಿ, ನಡಿಗೆ ಅಸ್ಥಿರವಾಗಿ, ಬೀಳುವುದು ಹೆಚ್ಚಾಗಿರುವುದು ಕಂಡುಬಂದಿತು. ಆ ರೋಗಿಗಳಿಗೆ ಮನೋರೋಗವಿತ್ತೆಂದಲ್ಲ. ಸೋಡಿಯಂ ಕೊರತೆಯೊಂದೇ ಅಷ್ಟನ್ನು ಮಾಡಬಲ್ಲದು ಎಂಬುದು ಅದರ ತಾತ್ಪರ್ಯ.

ಸ್ಕಿಜೋಫ್ರೀನಿಯಾದಲ್ಲಿ ಗಮನ, ನೆನಪು, ಯೋಜನೆ ಮತ್ತು ಆತ್ಮಸಂಯಮಗಳು ಮೊದಲೇ ಸ್ವಲ್ಪಮಟ್ಟಿಗೆ ಕುಂದಿರುತ್ತವೆ. ಕುಡಿದದ್ದು ಸಾಕೆಂದು ತಡೆಯುವ ಶಕ್ತಿ ಕುಂದಿದಾಗ ಅತಿಜಲಪಾನ ಹೆಚ್ಚುತ್ತದೆ. ಅತಿಜಲಪಾನದಿಂದ ಸೋಡಿಯಂ ಇಳಿದಾಗ ಆ ಶಕ್ತಿ ಮತ್ತಷ್ಟು ಕುಂದುತ್ತದೆ. ಅತಿಜಲಪಾನದೊಂದಿಗೆ ಸೋಡಿಯಂ ಕೊರತೆಯೂ ಇರುವ ರೋಗಿಗಳಲ್ಲಿ ಅರಿವಿನ ಕೊರತೆ ಇತರ ಸ್ಕಿಜೋಫ್ರೀನಿಯಾ ರೋಗಿಗಳಿಗಿಂತ ಹೆಚ್ಚಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಇವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಮುಂಬದಿಯು ಚಿಕ್ಕದಾಗಿರುವುದನ್ನು ೨೦೦೦ರ ದಶಕದ ಅಧ್ಯಯನಗಳು ತೋರಿಸಿವೆ. ಆ ಭಾಗವು ಒತ್ತಡದ ವೇಳೆ ವಾಸೋಪ್ರೆಸಿನ್ ಸ್ರಾವವನ್ನು ಹತೋಟಿಯಲ್ಲಿಡುವುದರಲ್ಲಿಯೂ ಪಾಲ್ಗೊಳ್ಳುತ್ತದೆ. ಹಾಗಾಗಿ ನೀರಡಿಕೆ ಮತ್ತು ಮರೆವು ಒಂದೇ ಬೇರಿನ ಎರಡು ಕವಲುಗಳಾಗಿರುವ ಸಾಧ್ಯತೆಯೂ ಇದೆ. ಅಂದಮೇಲೆ ಈ ರೋಗಿಗಳ ಮಂಕುತನವೆಲ್ಲ ನೀರಿನಿಂದಲೇ ಆದುದೆಂದೂ ಹೇಳಲಾಗದು, ಎಲ್ಲವೂ ಮೂಲ ಕಾಯಿಲೆಯದೇ ಎಂದೂ ಹೇಳಲಾಗದು. ದಿನದೊಳಗೇ ಏರಿಳಿಯುವ ಮಂಕುತನ ಮಾತ್ರ ನೀರಿನತ್ತ ಬೆರಳು ತೋರುತ್ತದೆ.

ಹೆಚ್ಚು ನೀರು ಕುಡಿಯುವ ಪ್ರತಿಯೊಬ್ಬ ಮನೋರೋಗಿಯ ವಿಷಯದಲ್ಲಿಯೂ ಕಾರಣ ಇದೊಂದೇ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನೀರಡಿಕೆ ಸಹಜ. ಲಿಥಿಯಂ ಮೂತ್ರದ ಪ್ರಮಾಣವನ್ನು ಹೆಚ್ಚಿಸುತ್ತದೆ. ಕೈಕಾಲುಗಳ ಬಿಗಿತಕ್ಕೆ ಕೊಡುವ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿ‌ನ್‌ನಿಂದ ಸೋಡಿಯಂ ಇಳಿಯಬಹುದು. ಬೀಡಿ ಸಿಗರೇಟುಗಳ ನಿಕೋಟಿನ್ ಕೂಡ ವಾಸೋಪ್ರೆಸಿನ್ ಸ್ರಾವವನ್ನು ಹೆಚ್ಚಿಸುತ್ತದೆ. ಇವುಗಳನ್ನೆಲ್ಲ ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ.

ಆಸ್ಪತ್ರೆಯಿಂದ ತಾಲೂಕಿಗೆ

೧೯೫೬ರ ನವೆಂಬರ್ ೧ರಂದು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಫ್ರಾನ್ಸಿನಲ್ಲಿ ೧೯೫೨ರಲ್ಲಿ ಮನೋರೋಗ ಚಿಕಿತ್ಸೆಗೆ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಔಷಧವು ರೋಗಿಗಳು ಆಸ್ಪತ್ರೆಯ ಗೋಡೆಯಾಚೆ ಬದುಕುವುದನ್ನು ಸಾಧ್ಯವಾಗಿಸಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗಗಳಿಗೆ ಚಿಕಿತ್ಸೆ ನೀಡಬಹುದೆಂದು ತೋರಿಸಿ, ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೧೦ರ ದಶಕದಲ್ಲಿ ಕರ್ನಾಟಕ ಸರ್ಕಾರವು ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಶಿಬಿರಗಳನ್ನು ಆರಂಭಿಸಿತು.

ಈ ಬೆಳವಣಿಗೆಯಿಂದ ರೋಗಿ ಮನೆಗೆ ಹತ್ತಿರವಾದನು. ಅದರೊಂದಿಗೆ ರೋಗಿಯ ನೀರಡಿಕೆಯನ್ನು ಕಾಣಬಲ್ಲ ಕಣ್ಣು ವಾರ್ಡಿನ ಪರಿಚಾರಕರಿಂದ ಮನೆಯವರಿಗೆ ವರ್ಗಾವಣೆಯಾಯಿತು. ವೈದ್ಯರು ರೋಗಿಯನ್ನು ತಿಂಗಳಿಗೊಮ್ಮೆ ಕೆಲವು ನಿಮಿಷ ನೋಡುತ್ತಾರೆ. ಹರವಿ ಎಷ್ಟು ಬೇಗ ಬರಿದಾಯಿತೆಂದು ಬಲ್ಲವರು ಮನೆಯವರು. ಅವರು ಹೇಳದಿದ್ದರೆ ವೈದ್ಯರಿಗೆ ತಿಳಿಯದು. ವೈದ್ಯರು ಕೇಳದಿದ್ದರೆ ಅವರಿಗೆ ಹೇಳಬೇಕೆನಿಸದು.

ತಿಳಿಯುವ ಉಪಾಯ ಸರಳವಾದುದು. ೧೯೮೭ರಲ್ಲಿ ಗೋಲ್ಡ್‌ಮನ್ ಮತ್ತು ಲುಕಿನ್ಸ್ ಸೂಚಿಸಿದ ವಿಧಾನದ ಆಧಾರ ತಕ್ಕಡಿ. ಒಂದೇ ದಿನದಲ್ಲಿ ಬೆಳಿಗ್ಗೆ ಮತ್ತು ಸಂಜೆ ತೂಕ ನೋಡಿದಾಗ ಹೆಚ್ಚಿದ ತೂಕವೆಲ್ಲ ಬಹುತೇಕ ಒಳಗುಳಿದ ನೀರಿನದೇ ಆಗಿರುತ್ತದೆ. ೬೦ ಕಿಲೋ ತೂಕದವರು ಸಂಜೆಗೆ ೩ ಕಿಲೋ ಹೆಚ್ಚಾಗಿದ್ದರೆ, ಅಂದರೆ ಶೇಕಡಾ ೫ರಷ್ಟು ಏರಿದ್ದರೆ, ಕೂಡಲೇ ರಕ್ತಪರೀಕ್ಷೆ ಅವಶ್ಯ. ನೀರಿನ ಮಿತಿ, ಔಷಧಗಳ ಮರುಪರಿಶೀಲನೆ, ಅಗತ್ಯವಾದಲ್ಲಿ ಕ್ಲೋಜಪಿನ್ ಇವು ಇಂದಿನ ಚಿಕಿತ್ಸಾಕ್ರಮಗಳು. ಕ್ಲೋಜಪಿನ್ ಹಲವರಲ್ಲಿ ಅತಿಜಲಪಾನವನ್ನು ತಗ್ಗಿಸುತ್ತದೆ ಎಂದು ೧೯೯೦ರ ದಶಕದ ವರದಿಗಳು ಹೇಳಿವೆಯಾದರೂ ಅದನ್ನು ಕೊಡುವಾಗ ರಕ್ತದ ಬಿಳಿಕಣಗಳ ನಿಯಮಿತ ಪರೀಕ್ಷೆ ಕಡ್ಡಾಯ. ಮನೆಯಲ್ಲಿಯೇ ಉಪ್ಪುನೀರು ಕುಡಿಸಿ ಸರಿಪಡಿಸಲು ಹೊರಡುವುದು ಅಪಾಯಕರ. ಇಳಿದ ಸೋಡಿಯಂ ಅನ್ನು ಆಸ್ಪತ್ರೆಯಲ್ಲಿಯೂ ಮೆಲ್ಲನೆ ಏರಿಸಬೇಕಾಗುತ್ತದೆ; ಅವಸರದಿಂದ ಏರಿಸಿದರೆ ಮಿದುಳುಕಾಂಡದ ನರತಂತುಗಳ ಹೊದಿಕೆ ನಾಶವಾಗುವ ಸಂಭವವಿದೆ. ಇಂತಹ ಹಾನಿಯನ್ನು ೧೯೫೯ರಲ್ಲಿಯೇ ಆಡಮ್ಸ್ ಮತ್ತು ಸಂಗಡಿಗರು ವರ್ಣಿಸಿದ್ದರು.

ನೀರನ್ನು ಮಿತಗೊಳಿಸುವುದು ಶಿಕ್ಷೆಯಾಗಬಾರದು ಎಂಬುದೂ ಅಷ್ಟೇ ಮುಖ್ಯ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನೂ ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ನಳಕ್ಕೆ ಬೀಗ ಹಾಕಿ ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಅದರಿಂದ ರೋಗಿಯು ಹೊಂಡದ ಅಥವಾ ಬಚ್ಚಲಿನ ನೀರನ್ನು ಹುಡುಕಿಕೊಂಡು ಹೋಗುವ ಅಪಾಯವೇ ಹೆಚ್ಚು. ಜೊತೆಗೆ ಒಬ್ಬರಿದ್ದು, ಕೈಗೆ ಕೆಲಸ ಕೊಟ್ಟು, ಗಳಿಗೆಗಿಷ್ಟು ಎಂದು ನೀರು ಕೊಡುವುದು ಹೆಚ್ಚು ಫಲಕಾರಿ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ನೀರನ್ನು ಪಾವನವೆಂದು ಬಗೆದ ನಾಡಿನ ಸಂಸ್ಕಾರ, ಹುಚ್ಚನ್ನು ಸೂಚಿಸುವ ಸಂಗತಿಗಳನ್ನು ಮಾತ್ರ ಕೇಳಿದ ಕಾನೂನು ಮತ್ತು ಬುದ್ಧಿ ಕ್ಷೀಣಿಸಿಯೇ ತೀರುತ್ತದೆ ಎಂದು ಮೊದಲೇ ತೀರ್ಮಾನಿಸಿದ ರೋಗದ ಹೆಸರು, ಈ ಮೂರೂ ಕೂಡಿ ಅತಿಜಲಪಾನವನ್ನು ಬಹುಕಾಲ ಕಣ್ಣಿಗೆ ಬೀಳದಂತೆ ಮಾಡಿದವು. ೧೯೨೩ರಿಂದ ೧೯೮೮ರವರೆಗಿನ ಸಂಶೋಧನೆಗಳು ಅದನ್ನು ದೇಹದ ಕ್ರಿಯೆಯಾಗಿ ವಿವರಿಸಿದವು. ರೋಗಿಯ ಮಂಕುತನದಲ್ಲಿ ಒಂದು ಪಾಲಾದರೂ ತಡೆಯಬಹುದಾದದ್ದು ಎಂಬುದು ಆ ಸಂಶೋಧನೆಗಳಿಂದ ದೊರೆತ ದೊಡ್ಡ ಲಾಭ.

೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ೧೨ ರಾಜ್ಯಗಳಲ್ಲಿ ನಡೆದು, ತೀವ್ರ ಮನೋರೋಗವುಳ್ಳವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದು ತಿಳಿಸಿತು. ಚಿಕಿತ್ಸೆಯೇ ತಲುಪದವರ ನೀರಡಿಕೆಯನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆರೋಗ್ಯ ಕಾರ್ಯಕರ್ತೆಯರು ಮನೋರೋಗಿಯ ಮನೆಗೆ ಹೋದಾಗ ಮಾತ್ರೆ ತೆಗೆದುಕೊಂಡರೇ, ನಿದ್ದೆ ಬಂತೇ ಎಂಬ ಪ್ರಶ್ನೆಗಳ ಜೊತೆಗೆ ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾರೆ ಎಂದು ಕೇಳುವುದು, ಅನುಮಾನ ಬಂದಲ್ಲಿ ಬೆಳಿಗ್ಗೆ ಸಂಜೆ ತೂಕ ನೋಡುವಂತೆ ಹೇಳುವುದು ಹೆಚ್ಚಿನ ವೆಚ್ಚವಿಲ್ಲದೆ ನಡೆಯಬಹುದಾದ ಕಾರ್ಯ. ಹಿಂದಿನ ಪ್ರಮಾಣಪತ್ರದ ಎರಡನೆಯ ಭಾಗದಲ್ಲಿ ಬರೆಯಲ್ಪಡದೆ ಹೋದ ಸಂಗತಿಯು ಇಂದಿನ ಚಿಕಿತ್ಸಾ ಚೀಟಿಯಲ್ಲಿ ಬರೆಯಲ್ಪಡುವುದು ಅವಶ್ಯವಾಗಿದೆ.